ನಾಲ್ಕು ತಟ್ಟೆ ಲಗ್ನಪತ್ರಿಕೆ

ಮೊನ್ನೆ ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಪರಿಚಯದವರ ಮಗಳೊಬ್ಬಳು ಸಿಕ್ಕಿ, "ಅಂಕಲ್, ನಂಗೂ ಪಿಎ ಕೆಲ್ಸ ಸಿಕ್ತು" ಎಂದಳು. ಯಾರ ಬಳಿ ಎಂದು ಕೇಳಿದೆ. ಗೆಲ್ಲುವ ಪೈಕಿಯೋ ಸೋಲುವ ಪೈಕಿಯೋ ಇನ್ನೂ ತೀರ್ಮಾನವಾಗದ ಒಬ್ಬ ನಾಯಕರ ಹೆಸರು ಹೇಳಿದಳು. "ಈ ಕೆಲ್ಸಕ್ಕೆ ಮುಖ್ಯವಾಗಿ ಏನ್ ಬೇಕು ಅಂಕಲ್?" ಎಂದು ಕೇಳಿದಳು. ಇಂಗ್ಲಿಷು, ಕಂಪ್ಯೂಟರು ಎಂದೇನೋ ಹೇಳುತ್ತೇನೆಂದು ಕಾದಿದ್ದಳು ಪಾಪ.

"ಹೊಟ್ಟೆ ಕಣಮ್ಮ" ಎಂದೆ. "ಒಂದೇ ಬೆಳಿಗ್ಗೆ ಮೂರು ಮದ್ವೇಲಿ ಕೂತು, ಮೂರರಲ್ಲೂ ಇದೇ ಮೊದಲ್ನೇ ಪಾಯಸ ಅನ್ನೋ ಹಾಗೆ ಕುಡೀಬೇಕು."

ಅವಳು ನಗುತ್ತ ಬಸ್ಸು ಹತ್ತಿದಳು. ನಾನು ನಿಂತಲ್ಲೇ ಯೋಚನೆಗೆ ಬಿದ್ದೆ. ನನಗೆ ಯೋಚನೆಗೆ ಬೀಳಲು ಕಾರಣ ಬೇಕಿಲ್ಲ. "ನಿಮ್ಗೆ ಚಿಂತೆ ಇಲ್ಲ ಅನ್ನೋದೇ ಒಂದು ಚಿಂತೆ ಆಗ್ಬಿಡುತ್ತೆ" ಎನ್ನುತ್ತಾಳೆ ನನ್ನ ಹೆಂಡತಿ. ಆ ಹುಡುಗಿಗೆ ಅರ್ಧ ಮಾತು ಹೇಳಿ ಕಳಿಸಿದೆನಲ್ಲ ಎಂದು ಎರಡು ದಿನ ಊಟ ರುಚಿಸಲಿಲ್ಲ. ಉಳಿದರ್ಧವನ್ನು ಇಲ್ಲಿ ಬರೆದಿದ್ದೇನೆ.

ನಾನು ಇಪ್ಪತ್ತಾರು ವರ್ಷ ದೊಡ್ಡಬೈಯಣ್ಣನವರಿಗೆ ಆಪ್ತ ಸಹಾಯಕನಾಗಿದ್ದೆ. ಎರಡು ಸಲ ಶಾಸಕರಾಗಿದ್ದವರು, ನಮ್ಮ ಕಡೆಯ ನಾಲ್ಕೂ ತಾಲ್ಲೂಕಿಗೆ, ಅಂದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಕ್ಕೆ, ನಮ್ಮ ಪಕ್ಷದ ಮುಖಂಡರು. ಪಕ್ಷ ಸಣ್ಣದು. ಸರ್ಕಾರ ಮಾಡಲು ದೊಡ್ಡ ಪಕ್ಷಕ್ಕೆ ಸ್ವಲ್ಪ ಕಡಿಮೆ ಬಿದ್ದಾಗಲೆಲ್ಲ ನಮ್ಮವರು ಹೋಗಿ ಮೈತ್ರಿ ಸೇರುತ್ತಿದ್ದರು, ಪಲ್ಯಕ್ಕೆ ಕೊನೆಯಲ್ಲಿ ಉದುರಿಸುವ ಕಾಯಿತುರಿಯ ಹಾಗೆ. ಇದ್ದರೆ ಚಂದ, ಇಲ್ಲದಿದ್ದರೂ ಊಟ ನಡೆಯುತ್ತದೆ. ಈ ಎರಡನೆಯ ಮಾತು ನಮಗೆ ತಿಳಿಯಲು ಬಹಳ ವರ್ಷ ಹಿಡಿಯಿತು.

ಕೆಲಸಕ್ಕೆ ಸೇರಿದ ಹೊಸತರಲ್ಲೇ ಒಂದು ದೊಡ್ಡ ತಪ್ಪು ಮಾಡಿದೆ. ಅಂದು ಎರಡು ಸಭೆ. ಬೆಳಿಗ್ಗೆ ಮುದ್ದೇನಹಳ್ಳಿ ಕಡೆ ವಿದ್ಯಾರ್ಥಿಗಳದು, ಮಧ್ಯಾಹ್ನ ಜಂಗಮಕೋಟೆಯಲ್ಲಿ ರೇಷ್ಮೆ ಬೆಳೆಗಾರರದು. ಎರಡು ಭಾಷಣ ಬರೆದು ಎಡಜೇಬಿಗೊಂದು ಬಲಜೇಬಿಗೊಂದು ಇಟ್ಟುಕೊಂಡಿದ್ದೆ. ಎಲ್ಲಿ ಅದಲುಬದಲಾಗುತ್ತದೋ ಎಂದು ದಾರಿಯುದ್ದಕ್ಕೂ ತೆಗೆದು ನೋಡಿ, ಮತ್ತೆ ಇಟ್ಟು, ಮತ್ತೆ ತೆಗೆದು ನೋಡಿ, ಕೊನೆಗೆ ನಾನೇ ಅದಲುಬದಲು ಮಾಡಿದೆ. ಬೈಯಣ್ಣನವರು ವಿದ್ಯಾರ್ಥಿಗಳ ಮುಂದೆ ನಿಂತು, "ನಿಮ್ಮ ಗೂಡಿಗೆ ಒಳ್ಳೆ ಬೆಲೆ ಕೊಡಿಸದೆ ನಾನು ವಿಶ್ರಮಿಸುವುದಿಲ್ಲ" ಎಂದು ಗುಡುಗಿದರು. ಸಭೆ ಚಪ್ಪಾಳೆಯಿಂದ ಬಿರಿಯಿತು. ಮಧ್ಯಾಹ್ನ ಬೆಳೆಗಾರರಿಗೆ, "ಸಿನಿಮಾ ಬಿಡಿ, ಪುಸ್ತಕ ಹಿಡಿಯಿರಿ" ಎಂದರು. ಅಲ್ಲೊಬ್ಬ ಅಜ್ಜ ಎದ್ದು, "ಓದ್ತೀನಿ ಬಿಡಪ್ಪ, ಮೊದ್ಲು ತೋಟಕ್ಕೆ ಕರೆಂಟ್ ಕೊಡ್ಸು" ಎಂದ. ಅದಕ್ಕೂ ಚಪ್ಪಾಳೆ.

ಕಾರಿನಲ್ಲಿ ನಾನು ಕಣ್ಣಲ್ಲಿ ನೀರು ತುಂಬಿಕೊಂಡು, "ತಪ್ಪು ನಂದೇ ಅಣ್ಣ" ಎಂದೆ.

"ಯಾವ ತಪ್ಪೋ ಸೀನಪ್ಪ? ಎರಡ್ ಕಡೇನೂ ಚಪ್ಪಾಳೆ ಬಿತ್ತಲ್ಲ!"

ಜನ ಒಲಿದಿದ್ದಾಗ ತಪ್ಪು ಭಾಷಣವೂ ಗೆಲ್ಲುತ್ತದೆ. ಅದೇ ಜನ ಮುಖ ತಿರುಗಿಸಿದ ಮೇಲೆ, ಕಾಮಾ ಪೂರ್ಣವಿರಾಮದವರೆಗೆ ತಿದ್ದಿಕೊಟ್ಟ ಭಾಷಣಕ್ಕೂ ಸಭಿಕರು ಆಕಳಿಸಿದ್ದನ್ನು ಕಂಡಿದ್ದೇನೆ.

ಬೈಯಣ್ಣನವರ ಮನೆಯ ಹಜಾರದಲ್ಲಿ ನಾಲ್ಕು ಬಿದಿರಿನ ತಟ್ಟೆಗಳಿದ್ದವು. ಹಿಂದೆ ಆ ಮನೆಯಲ್ಲಿ ರೇಷ್ಮೆ ಹುಳು ಮೇಯಿಸುತ್ತಿದ್ದ ಅಗಲವಾದ ತಟ್ಟೆಗಳು. ಹುಳು ಸಾಕುವುದು ಬಿಟ್ಟ ಮೇಲೆ ಅವು ಲಗ್ನಪತ್ರಿಕೆ ಇಡುವ ತಟ್ಟೆಗಳಾದವು, ತಾಲ್ಲೂಕಿಗೊಂದರಂತೆ. ಬೆಳಿಗ್ಗೆ ಕಾಫಿಯಾದ ಕೂಡಲೇ ಬೈಯಣ್ಣನವರು ಒಂದೊಂದನ್ನೇ ಎರಡೂ ಕೈಯಿಂದ ಎತ್ತಿ ತೂಕ ನೋಡುತ್ತಿದ್ದರು. "ಗೌರಿಬಿದನೂರು ಹಗುರ ಆಯ್ತಲ್ಲೋ, ಮಂಚೇನಹಳ್ಳಿ ಕಡೆ ಒಂದು ಸುತ್ತು ಹಾಕಣ" ಎನ್ನುವರು. ಸಮೀಕ್ಷೆ ಮಾಡುವವರನ್ನು ಅವರು ಎಂದೂ ನಂಬಿದವರಲ್ಲ. "ಓಟು ಹಾಕ್ತೀನಿ ಅಂತ ಸುಳ್ಳು ಹೇಳ್ಬೋದು ಕಣೋ. ಮಗಳ ಮದ್ವೆ ಪತ್ರಿಕೆ ಸುಳ್ಳು ಹೇಳಲ್ಲ."

ಒಳ್ಳೆಯ ದಿನಗಳಲ್ಲಿ ಗಂಡ ಹೆಂಡತಿ ಇಬ್ಬರೂ ಬಂದು ಎಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ ಸಮೇತ ಪತ್ರಿಕೆ ಕೊಟ್ಟು, "ನೀವ್ ಬಂದ್ರೇನೇ ಧಾರೆ" ಎಂದು ಹೇಳಿಹೋಗುತ್ತಿದ್ದರು. ಶಿಡ್ಲಘಟ್ಟದ ಸಾಬರ ಮನೆಗಳಿಂದ ಅತ್ತರಿನ ಪರಿಮಳದ ಉರ್ದು ಪತ್ರಿಕೆ ಬರುತ್ತಿತ್ತು. ಅದನ್ನು ಓದಿ ಹೇಳುವುದು ಡ್ರೈವರ್ ಖಾದರನ ಕೆಲಸ. ಆಮೇಲೆ ಗಂಡ ಒಬ್ಬನೇ ಬರತೊಡಗಿದ. ಆಮೇಲೆ ಅವನ ಭಾವಮೈದುನ ಬಂದು ಗೇಟಿನಲ್ಲೇ ಕೊಟ್ಟುಹೋದ. ಆಮೇಲೆ ಅಂಚೆಯಲ್ಲಿ ಬಂತು. ಕೊನೆಗೆ ನನ್ನ ಫೋನಿಗೆ ಬಂತು, "ಇದನ್ನೇ ಖುದ್ದು ಆಹ್ವಾನವೆಂದು ಭಾವಿಸಿ" ಎಂಬ ಒಕ್ಕಣೆಯೊಂದಿಗೆ. ಫೋನನ್ನು ತಟ್ಟೆಯಲ್ಲಿಡಲು ಬರುತ್ತದೆಯೇ?

ತಟ್ಟೆ ಹಗುರಾಗುತ್ತಿರುವುದನ್ನು ಬೈಯಣ್ಣನವರು ಗಮನಿಸಿದಾಗ ನಾನು ಪಂಚಾಂಗದ ಮರೆ ಹೊಕ್ಕೆ. "ಆಷಾಢ ಅಲ್ವಾ ಅಣ್ಣ" ಎಂದೆ. ಶ್ರಾವಣ ಬಂತು. "ಗುರು ಅಸ್ತ ಅಂತೆ ಅಣ್ಣ, ಮುಹೂರ್ತಗಳಿಲ್ಲ" ಎಂದೆ. ಆ ವರ್ಷ ನಾನು ಗುರುವನ್ನೂ ಶುಕ್ರನನ್ನೂ ಮುಳುಗಿಸಿದಷ್ಟು ಸಲ ಯಾವ ಜೋಯಿಸರೂ ಮುಳುಗಿಸಿರಲಾರರು.

ಒಂದು ಭಾನುವಾರ ಬೆಳಿಗ್ಗೆ ಹೋದಾಗ ಬೈಯಣ್ಣನವರು ಗರಿಗರಿ ಬಿಳಿ ಅಂಗಿ, ಬಿಳಿ ಪಂಚೆ ಉಟ್ಟು ಉಯ್ಯಾಲೆಯ ಮೇಲೆ ಕೂತಿದ್ದರು. ಹೊರಗೆ ಖಾದರ್ ಒರೆಸಿದ ಕಾರನ್ನೇ ಮತ್ತೆ ಒರೆಸುತ್ತಿದ್ದ.

"ಇವತ್ತು ಎಲ್ಲಿಗೂ ಇಲ್ವೇನೋ?"

"ಇಲ್ಲ ಅಣ್ಣ."

"ಹಂಗಾದ್ರೆ ಈ ಬಟ್ಟೆ ತೆಗ್ದಿಡ್ತೀನಿ" ಎಂದರು. ಆದರೆ ಏಳಲಿಲ್ಲ. ಮಧ್ಯಾಹ್ನದವರೆಗೆ ಹಾಗೆಯೇ ಕೂತಿದ್ದರು, ಉಯ್ಯಾಲೆಯನ್ನು ತೂಗದೆ.

ನನಗೆ ತಡೆಯಲಾಗಲಿಲ್ಲ. ಮರುದಿನವೇ ಚಿಂತಾಮಣಿಗೆ ಹೋದೆ. ನನ್ನ ಜೊತೆ ಓದಿದ ನಾಗರಾಜ ಅಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡಿದ್ದಾನೆ. ಪ್ರೆಸ್ ಎಂದ ಮೇಲೆ ಹೆಚ್ಚಾದ ಪತ್ರಿಕೆ, ಬೇಡವಾದ ಪತ್ರಿಕೆ ಮೂಲೆಯಲ್ಲಿ ಬಿದ್ದೇ ಇರುತ್ತವೆ. "ಏನ್ ಮಾಡ್ತೀಯೋ ಸೀನ ಇವನ್ನ?" ಎಂದು ಕೇಳಿದ. "ಮನೇಲಿ ಲೆಕ್ಕ ಬರೆಯಕ್ಕೆ ಹಿಂದುಗಡೆ ಖಾಲಿ ಇರುತ್ತಲ್ಲ" ಎಂದೆ. ಮನೆಗೆ ತಂದು, "ಶ್ರೀ ದೊಡ್ಡಬೈಯಣ್ಣ ದಂಪತಿಗಳಿಗೆ" ಎಂದು ಬರೆದು, ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದೆ. ಅರಿಶಿನ ಹೆಚ್ಚಾಗಿ ಮೊದಲ ಪತ್ರಿಕೆ ಪೂರ್ತಿ ಹಳದಿಯಾಯಿತು, ವಧೂವರರಿಗೆ ಕಾಮಾಲೆಯೇನೋ ಎನ್ನುವ ಹಾಗೆ. ಎರಡನೆಯದು ಪರವಾಗಿಲ್ಲ. ಹತ್ತನೆಯದರ ಹೊತ್ತಿಗೆ ನಾನು ಹತ್ತು ಹೆಣ್ಣುಮಕ್ಕಳ ತಂದೆಯಷ್ಟು ಪಳಗಿದ್ದೆ.

ಹೀಗೆ ನಮ್ಮ ನಾಯಕರು ಯಾರೂ ಕರೆಯದ ಮದುವೆಗಳಿಗೆ ಹೋಗತೊಡಗಿದರು.

ಯಾರಿಗೂ ತಿಳಿಯಲಿಲ್ಲವೇ ಎಂದು ಕೇಳಬಹುದು. ಮದುವೆಮನೆಯಲ್ಲಿ ಎರಡು ಪಕ್ಷಗಳಿರುತ್ತವೆ, ಅದೂ ಒಂದು ಮೈತ್ರಿಕೂಟವೇ. ಗೌರಿಬಿದನೂರಿನಲ್ಲಿ ಹುಡುಗಿಯ ಸೋದರಮಾವ ನನ್ನನ್ನು ಪಕ್ಕಕ್ಕೆ ಕರೆದು, "ಇವ್ರನ್ನ ಕರ್ದಿದ್ದು ಯಾರು?" ಎಂದ. "ಗಂಡಿನ ಕಡೆಯೋರು" ಎಂದೆ. ಗಂಡಿನ ಚಿಕ್ಕಪ್ಪ ಬಂದು ಅದನ್ನೇ ಕೇಳಿದ. "ಹೆಣ್ಣಿನ ಕಡೆಯೋರು" ಎಂದೆ. ಇಬ್ಬರೂ ಪರಸ್ಪರ ಮರ್ಯಾದೆಗೆ ಅಂಜಿ ಬೈಯಣ್ಣನವರನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಫೋಟೊದವನೊಬ್ಬ ಮಾತ್ರ, "ಸರ್, ಸ್ವಲ್ಪ ಪಕ್ಕಕ್ಕೆ ಬನ್ನಿ, ಹುಡುಗಿ ಅತ್ತೆ ಕಾಣ್ತಿಲ್ಲ" ಎಂದ. ಮುಂಚೆ ಇದೇ ಫೋಟೊದವರು ಅತ್ತೆಯನ್ನು ಪಕ್ಕಕ್ಕೆ ಸರಿಸುತ್ತಿದ್ದರು.

ತಿಳಿದದ್ದು ಒಬ್ಬರಿಗೆ. ಬೈಯಣ್ಣನವರ ಹೆಂಡತಿ ರತ್ನಮ್ಮಕ್ಕನಿಗೆ. ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನನ್ನನ್ನು ತಡೆದರು.

"ಸೀನಪ್ಪ, ಪತ್ರಿಕೆ ಇಷ್ಟೊಂದು ಬಂದೈತೆ. ಕಾಯಿ ಎಲ್ಲಪ್ಪ?"

"ಕಾಯಿ... ಈಗೆಲ್ಲ ಕೊಡಲ್ಲ ಅಕ್ಕ, ಹೊಸ ಪದ್ಧತಿ."

"ಈ ಮನೆಗೆ ಬಂದಾಗಿಂದ ನಾನು ಚಟ್ನಿಗೆ ಕಾಯಿ ಕೊಂಡೋಳಲ್ಲ. ಹೋದ ವಾರ ಸಂತೇಲಿ ಕೊಂಡ್ಕೊಂಡು ಬಂದೆ" ಎಂದರು. ನನ್ನ ಬೆರಳ ಸಂದಿಯಲ್ಲಿದ್ದ ಅರಿಶಿನವನ್ನು ನೋಡಿದರು. "ಕೈ ತೊಳ್ಕೊಂಡು ಕಾಫಿ ಕುಡಿ" ಎಂದಷ್ಟೇ ಹೇಳಿ ಒಳಗೆ ಹೋದರು.

ಇಷ್ಟೇ ಆಗಿದ್ದರೆ ಒಬ್ಬ ಮುದುಕರ ಮನಸ್ಸಂತೋಷದ ಕತೆಯಾಗಿ ಮುಗಿಯುತ್ತಿತ್ತು. ಚುನಾವಣೆ ಬಂದುಬಿಟ್ಟಿತು.

ಬೆಂಗಳೂರಿನಿಂದ ದೊಡ್ಡ ಪಕ್ಷದವರ ಫೋನು. ನಾಲ್ಕು ತಾಲ್ಲೂಕಿನಲ್ಲಿ ಒಂದು ಸೀಟು ನಿಮಗೆ, ಗೆಲ್ಲುವಂಥದ್ದು ಯಾವುದೆಂದು ಸೋಮವಾರ ತಿಳಿಸಿ, ಎಂದರು. ಬೈಯಣ್ಣನವರು ಫೋನಿಟ್ಟು ನೇರವಾಗಿ ತಟ್ಟೆಗಳ ಬಳಿ ಹೋದರು. ಚಿಕ್ಕಬಳ್ಳಾಪುರ ಎತ್ತಿದರು, ಇಳಿಸಿದರು. ಶಿಡ್ಲಘಟ್ಟ, ಗೌರಿಬಿದನೂರು ಎತ್ತಿ ಇಳಿಸಿದರು. ಚಿಂತಾಮಣಿ ಎತ್ತಿದರು.

"ನೋಡೋ ಇದನ್ನ, ಎತ್ತಕ್ಕಾಗ್ತಿಲ್ಲ ಕಣೋ!"

ಎತ್ತಲು ಹೇಗಾದೀತು? ನಾಗರಾಜನ ಪ್ರೆಸ್ಸು ಇರುವುದೇ ಚಿಂತಾಮಣಿಯಲ್ಲಿ. ಅಲ್ಲಿ ನಮ್ಮ ಪಕ್ಷಕ್ಕೆ ಬ್ಯಾನರ್ ಕಟ್ಟುವ ಕಾರ್ಯಕರ್ತರೂ ಉಳಿದಿರಲಿಲ್ಲ. ನನ್ನ ಅರಿಶಿನವನ್ನು ನಂಬಿ ಈ ಮನುಷ್ಯ ಕಣಕ್ಕಿಳಿದರೆ ಠೇವಣಿಯೂ ಹೋಗುತ್ತದೆ, ನಲವತ್ತು ವರ್ಷ ಓಡಾಡಿ ಗಳಿಸಿದ ಹೆಸರೂ ಹೋಗುತ್ತದೆ. ಸೋಮವಾರದೊಳಗೆ ಹೇಳಲೇಬೇಕು.

ಗುರುವಾರ ಹೇಳಲು ಹೋದೆ. "ಅಣ್ಣ, ಪತ್ರಿಕೆ ಬೇರೆ ಓಟು ಬೇರೆ ಅಲ್ವಾ?" ಎಂದೆ. "ಮನೆ ಮದ್ವೆಗೆ ಕರ್ದೋನು ಓಟಿಗೆ ಕೈ ಬಿಡ್ತಾನೇನೋ?" ಎಂದರು. ಶುಕ್ರವಾರ ಹೋದೆ, ಯಾರೋ ಬಂದರು. ಶನಿವಾರ ಶನಿವಾರವೆಂದು ಹೇಳಲಿಲ್ಲ.

ಭಾನುವಾರ ಚಿಂತಾಮಣಿಯಲ್ಲಿ ಮದುವೆ, ನಾಗರಾಜನ ಮೂಲೆಯಿಂದ ಬಂದ ಪತ್ರಿಕೆಯದೇ. ಬೈಯಣ್ಣನವರು ರೇಷ್ಮೆ ಸೀರೆಯ ಪೊಟ್ಟಣವನ್ನು ಕಂಕುಳಲ್ಲಿಟ್ಟುಕೊಂಡು, ಹೊಸ ಹುರುಪಿನಲ್ಲಿ ಕಲ್ಯಾಣಮಂಟಪದ ಮೆಟ್ಟಿಲು ಹತ್ತಿದರು. ಬಾಗಿಲಲ್ಲಿ ಪನ್ನೀರು ಚಿಮುಕಿಸುವವರಿಲ್ಲ, ವಾಲಗವಿಲ್ಲ. ನನಗೆ ಅಲ್ಲೇ ಅನುಮಾನ ಬರಬೇಕಿತ್ತು. ಸುಮ್ಮಸುಮ್ಮನೆ ಚಿಂತಿಸುವವನಿಗೆ ನಿಜವಾಗಿ ಚಿಂತಿಸಬೇಕಾದ ಹೊತ್ತಿನಲ್ಲಿ ಬುದ್ಧಿ ಓಡುವುದಿಲ್ಲ.

ಒಳಗೆ ನೋಡಿದರೆ ದೊಡ್ಡ ಪಕ್ಷದ ಸಭೆ! ನಾಲ್ಕೂ ತಾಲ್ಲೂಕಿನ ಅವರ ಮುಖಂಡರೆಲ್ಲ ಕೂತಿದ್ದಾರೆ. ನಮಗೆ ಸುದ್ದಿಯೇ ಇಲ್ಲ. ಎದುರಿಗೆ ಪರದೆ, ಪರದೆಯ ಮೇಲೆ ನಾಲ್ಕು ತಾಲ್ಲೂಕಿನ ಹೆಸರು, ನಾಲ್ಕಕ್ಕೂ ಅವರದೇ ಅಭ್ಯರ್ಥಿ. ಎಲ್ಲಕ್ಕಿಂತ ಕೆಳಗೆ ಒಂದು ಸಾಲು: "ದೊಡ್ಡಬೈಯಣ್ಣನವರು: ಸೀಟು ಬೇಡ, ಶಾಲು ಸಾಕು."

ಆಮೇಲೆ ತಿಳಿಯಿತು. ಈ ಸಭೆಗಾಗಿ ಮಂಟಪ ಬಿಡಿಸಿಕೊಂಡಿದ್ದರಿಂದ ಮದುವೆಯವರು ಬೇರೆ ಮಂಟಪ ಹಿಡಿದು ಹೊಸದಾಗಿ ಪತ್ರಿಕೆ ಮಾಡಿಸಿದ್ದರು. ಹಳೆಯ ಪತ್ರಿಕೆಗಳು ಮೂಲೆಗೆ ಬಿದ್ದವು, ಮೂಲೆಯಲ್ಲಿದ್ದವು ನನ್ನ ಕೈಗೆ ಬಂದವು.

ಎಲ್ಲರೂ ಬಾಗಿಲತ್ತ ತಿರುಗಿದರು. ವೇದಿಕೆಯ ಮೇಲಿದ್ದ ತಾಲ್ಲೂಕು ಅಧ್ಯಕ್ಷ ಗಾಬರಿಯಲ್ಲಿ ತೆಲುಗಿಗೆ ತಿರುಗಿ, "ರಾ ಅನ್ನಾ, ರಾ, ಕೂರ್ಚೋ!" ಎನ್ನುತ್ತ ಕುರ್ಚಿ ಎಳೆದ. ಇನ್ನೊಬ್ಬ ಓಡಿಬಂದು, ಏನು ಮಾಡಬೇಕೆಂದು ತೋಚದೆ, ಮೇಜಿನ ಮೇಲಿದ್ದ ಶಾಲನ್ನು ಬೈಯಣ್ಣನವರಿಗೆ ಹೊದಿಸಿಬಿಟ್ಟ.

ಅವರು ಶಾಲನ್ನು ನೋಡಿಕೊಂಡರು, ಪರದೆಯನ್ನು ನೋಡಿದರು. "ಬರ್ದಂಗೇ ಮಾಡಿಬಿಟ್ರಲ್ಲಪ್ಪ" ಎಂದರು.

ಯಾರೋ ಓಡಿಹೋಗಿ ಪರದೆ ಆರಿಸಿದರು.

"ನಾನು ಮದ್ವೆ ಅಂತ ಬಂದೆ. ಗಂಡು ಯಾರು?"

ಅಧ್ಯಕ್ಷ ನಡುವಿನ ಕುರ್ಚಿಯಲ್ಲಿದ್ದ ಚಿಂತಾಮಣಿಯ ಅಭ್ಯರ್ಥಿಯತ್ತ ಕೈ ತೋರಿದ, ನಾಚಿಕೆಯಿಂದ ತಲೆ ತಗ್ಗಿಸಿ. ಬೈಯಣ್ಣನವರು ಮದುವೆಗೆಂದು ಜೇಬಿನಲ್ಲಿ ತಂದಿದ್ದ ಅಕ್ಷತೆಯನ್ನು ತೆಗೆದು ಅವನ ತಲೆಯ ಮೇಲೆ ಹಾಕಿದರು. "ಚೆನ್ನಾಗಿ ಸಂಸಾರ ಮಾಡಪ್ಪ. ಬೀಗರ ಮಾತು ಮಾತ್ರ ನಂಬ್ಬೇಡ" ಎಂದು ಹೇಳಿ, ಶಾಲು ಹೊದ್ದುಕೊಂಡೇ ಮೆಟ್ಟಿಲು ಇಳಿದರು. ಅವರ ಇಡೀ ರಾಜಕೀಯ ಜೀವನದಲ್ಲಿ ಅಷ್ಟು ಒಳ್ಳೆಯ ಭಾಷಣ ನಾನು ಬರೆದುಕೊಟ್ಟಿರಲಿಲ್ಲ.

ಕಾರು ಶಿಡ್ಲಘಟ್ಟದ ರಸ್ತೆ ಹಿಡಿಯಿತು. "ಪತ್ರಿಕೆ ಕೊಡು" ಎಂದರು. ಕೊಟ್ಟೆ. ಬಹಳ ಹೊತ್ತು ನೋಡಿದರು.

"ಇಪ್ಪತ್ತಾರು ವರ್ಷ ನಿನ್ನ ಅಕ್ಷರದಲ್ಲಿ ಭಾಷಣ ಓದಿದೀನಿ. ಇದು ನಿಂದೇ ಅಲ್ವೇನೋ?"

"ಹೌದಣ್ಣ."

"ತಟ್ಟೇಲಿರೋದು?"

"ಬಹುಪಾಲು ನಂದೇ ಅಣ್ಣ."

"ನಿಜವಾಗ್ಲೂ ಬಂದಿರೋದು ಎಷ್ಟು?"

ನಾನು ಬೆರಳು ಮಡಿಸಿದೆ. ಒಂದೇ ಕೈಯಲ್ಲಿ ಇನ್ನೂ ಬೆರಳು ಉಳಿದವು.

"ಖಾದರ್, ಗಾಡಿ ನಿಲ್ಸು. ಸೀನಪ್ಪ, ಇಳಿ ಕೆಳಗೆ."

ಇಳಿದೆ. ದ್ರಾಕ್ಷಿ ತೋಟದ ಬೇಲಿಯ ಪಕ್ಕ ನಿಂತೆ. ಕಾರು ಹೊರಡಲಿಲ್ಲ.

"ಯಾಕೋ ಖಾದರ್?"

"ಗಾಡಿ ಮುಂದಕ್ಕೆ ಹೋಗ್ತಿಲ್ಲ ಅಣ್ಣ."

"ಇಂಜಿನ್ ಓಡ್ತೈತಲ್ಲೋ!"

"ಇಂಜಿನ್ ಓಡ್ತೈತೆ ಅಣ್ಣ. ಸೀನಣ್ಣ ಹತ್ತಿದ್ರೆ ಗೇರು ಬೀಳ್ತೈತೆ."

ಬೈಯಣ್ಣನವರು ಗಾಜು ಇಳಿಸಿದರು. ಮುಖ ಕೆಂಪಾಗಿತ್ತು.

"ಠೇವಣಿ ಹೋಗಿದ್ರೂ ತಡ್ಕೋತಿದ್ದೆ ಕಣೋ. ಕರೀದೆ ಇರೋರ ಮನೇಲೆಲ್ಲ ಹೋಗಿ ಉಂಡ್ಬಂದ್ನಲ್ಲೋ! ಯಾಕೋ ಹಂಗ್ ಮಾಡ್ದೆ?"

"ನೀವು ಬಿಳಿ ಬಟ್ಟೆ ಹಾಕ್ಕೊಂಡು ಸುಮ್ನೆ ಕೂತಿದ್ರಿ ಅಣ್ಣ. ನೋಡಕ್ಕಾಗ್ಲಿಲ್ಲ."

ಅವರು ಕಂಕುಳಲ್ಲೇ ಉಳಿದಿದ್ದ ಸೀರೆಯ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಸವರಿದರು.

"ಇದನ್ನ ವಾಪಸ್ ಮನೆಗೆ ತಗೊಂಡ್ಹೋದ್ರೆ ನಿಮ್ಮಕ್ಕ ನೂರು ಪ್ರಶ್ನೆ ಕೇಳ್ತಾಳೆ. ಆ ಮದ್ವೆ ಈಗ ಎಲ್ಲಿ ನಡೀತಾ ಐತೆ ಕೇಳು. ಹತ್ತು."

ನಾಗರಾಜನಿಗೆ ಫೋನು ಮಾಡಿ ಮಂಟಪ ಪತ್ತೆಹಚ್ಚಿ, ಬಂದ ದಾರಿಯಲ್ಲೇ ಹಿಂದಿರುಗಿದೆವು. ಹುಡುಗಿಯ ತಂದೆ ಬೈಯಣ್ಣನವರನ್ನು ಕಂಡು ತಬ್ಬಿಬ್ಬಾಗಿ, "ಅಣ್ಣ, ನಿಮ್ಗೆ ಪತ್ರಿಕೆ ಕೊಟ್ಟಿದ್ದು..." ಎಂದು ತೊದಲಿದರು.

"ಕೊಟ್ಟಿಲ್ಲಪ್ಪ. ಕರೀದೇನೇ ಬಂದಿದೀನಿ. ಊಟ ಹಾಕ್ತೀಯ?"

ಅಂದು ಅವರು ಗಣ್ಯರ ಮೇಜಿಗೆ ಹೋಗಲಿಲ್ಲ. ಸಾಲಿನಲ್ಲಿ ಎಲೆಯ ಮುಂದೆ ಕೂತರು. ಮುಂದಿನ ಮದುವೆಗೆ ಹೊತ್ತಾಯಿತೆಂದು ಎರಡು ತುತ್ತಿಗೇ ಅವರನ್ನು ಏಳಿಸುತ್ತಿದ್ದ ನಾನು ಆ ದಿನ ಬಾಯಿ ತೆರೆಯಲಿಲ್ಲ. ಎರಡು ಒಬ್ಬಟ್ಟು ಹಾಕಿಸಿಕೊಂಡು ತುಪ್ಪ ಕೇಳಿದರು. ಪಕ್ಕದ ಎಲೆಯ ಮುದುಕ ಕಣ್ಣು ಕಿರಿದು ಮಾಡಿ ನೋಡಿ, "ನೀವು ಬೈಯಣ್ಣೋರಲ್ವಾ? ಹೋಗ್ಬಿಟ್ರು ಅಂತ ಯಾರೋ ಅಂದಿದ್ರಲ್ಲ!" ಎಂದ.

"ಇನ್ನೂ ಇಲ್ಲ ಯಜಮಾನ್ರೇ. ಪಾಯಸ ಬಂದಿಲ್ಲ."

ಇಡೀ ಪಂಕ್ತಿ ನಕ್ಕಿತು. ಮುದುಕನೂ ನಕ್ಕ. ನಾನೂ ನಕ್ಕೆ, ಆಮೇಲೆ ಪಾಯಸದವನನ್ನು ಕೈಸನ್ನೆ ಮಾಡಿ ಕರೆದು ಮೊದಲು ಅವರಿಗೆ ಹಾಕಿಸಿದೆ.

ಸೋಮವಾರ ಬೆಂಗಳೂರಿಗೆ ಫೋನು ಹೋಯಿತು. "ನಾಲ್ಕೂ ನೀವೇ ಇಟ್ಕೊಳಿ. ಶಾಲು ತಲುಪಿದೆ" ಎಂದಷ್ಟೇ ಹೇಳಿದರು. ಹೀಗೆ ಬೈಯಣ್ಣನವರು ನಿವೃತ್ತರಾದರು. ನಾಯಕರಿಲ್ಲದ ಮೇಲೆ ಆಪ್ತ ಸಹಾಯಕನಿಗೇನು ಕೆಲಸ? ಐವತ್ತನಾಲ್ಕಕ್ಕೆ ನಾನೂ ನಿವೃತ್ತನಾದೆ. ಬೀಳ್ಕೊಡುಗೆಯಲ್ಲಿ ನನಗೆ ಶಾಲು ಕೂಡ ಹೊದಿಸಲಿಲ್ಲ. ಇದ್ದ ಒಂದು ಶಾಲು ಉಯ್ಯಾಲೆಯ ಮೇಲೆ ಹಾಸಿತ್ತು.

ಬಸ್ ನಿಲ್ದಾಣದ ಹುಡುಗಿಗೆ ಹೇಳದೆ ಉಳಿದ ಮಾತು ಇಷ್ಟು. ಈಗ ತಟ್ಟೆಗಳಿಲ್ಲ, ಲೈಕುಗಳಿವೆ. ಅವನ್ನೂ ಮೂಲೆಯಿಂದ ಹೆಕ್ಕಿ ತರಬಹುದಂತೆ, ಅರಿಶಿನ ಹಚ್ಚುವ ಕಷ್ಟವೂ ಇಲ್ಲವಂತೆ. ತರಬೇಡಮ್ಮ. ನಿನ್ನ ನಾಯಕರು ಎಲ್ಲಿ ನಿಂತಿದ್ದಾರೆಂದು ತಿಳಿಯಬೇಕಾದರೆ ಅವರ ಹಜಾರ ನೋಡಬೇಡ, ಅಡುಗೆಮನೆಗೆ ಹೋಗಿ ಕೇಳು. ತಿಳಿದದ್ದನ್ನು ಗುರುವಾರವೇ ಹೇಳಿಬಿಡು. ಭಾನುವಾರದವರೆಗೆ ಕಾಯಬೇಡ.

ಹೋದ ತಿಂಗಳು ನನ್ನ ಮಗಳ ಮದುವೆ ಗೊತ್ತಾಯಿತು. ದೇವರ ಮುಂದಿಟ್ಟ ಮೇಲೆ ಮೊದಲ ಪತ್ರಿಕೆ ಹಿಡಿದು ನಾನೂ ನನ್ನ ಹೆಂಡತಿಯೂ ಬೈಯಣ್ಣನವರ ಮನೆಗೆ ಹೋದೆವು. ಬರುತ್ತಾರೋ ಇಲ್ಲವೋ, ಕೋಪ ಇನ್ನೂ ಇದೆಯೋ ಏನೋ ಎಂದು ಹಿಂದಿನ ಮೂರು ದಿನ ನಾನು ಮಾಡಿದ ಯೋಚನೆಯನ್ನು ಇಲ್ಲಿ ಬರೆಯುವುದಿಲ್ಲ. ಹಜಾರದಲ್ಲಿ ಮೂರು ತಟ್ಟೆಗಳಲ್ಲಿ ರತ್ನಮ್ಮಕ್ಕ ಸಂಡಿಗೆ, ಮೆಣಸಿನಕಾಯಿ, ಹುಣಸೆಹಣ್ಣು ಹರಡಿದ್ದರು. ನಾಲ್ಕನೆಯದು ಖಾಲಿ ಇತ್ತು.

ಎಲೆ ಅಡಿಕೆ ಸಮೇತ ಕೊಟ್ಟೆವು. ಅಕ್ಕ ಮೊದಲು ತೆಂಗಿನಕಾಯಿ ಎತ್ತಿಕೊಂಡು ಕಿವಿಯ ಬಳಿ ಅಲ್ಲಾಡಿಸಿ, "ನೀರೈತೆ" ಎಂದು ಗಂಡನಿಗೆ ವರದಿ ಒಪ್ಪಿಸಿದರು.

ಬೈಯಣ್ಣನವರು ಕನ್ನಡಕ ಹಾಕಿಕೊಂಡು ಪತ್ರಿಕೆಯ ಮೇಲಿನ ತಮ್ಮ ಹೆಸರನ್ನು ಓದಿದರು. ಮೂಲೆಯ ಅರಿಶಿನವನ್ನು ಉಗುರಿನಿಂದ ಕೆರೆದು ನೋಡಿದರು.

"ಇದೂ ನೀನೇ ಬರ್ದಿದ್ದೇನೋ?"

"ನಾನೇ ಅಣ್ಣ."

ಎದ್ದು ಹೋಗಿ ಆ ಒಂದು ಪತ್ರಿಕೆಯನ್ನು ಖಾಲಿ ತಟ್ಟೆಯಲ್ಲಿಟ್ಟರು. ಹಳೆಯ ಅಭ್ಯಾಸದಂತೆ ಎರಡೂ ಕೈ ಹಾಕಿ ತಟ್ಟೆಯನ್ನು ಎತ್ತಿದರು, ಅರ್ಧಕ್ಕೇ ನಿಲ್ಲಿಸಿದರು.

"ಬಾರೋ, ಒಂದು ಕೈ ಹಾಕು. ಎತ್ತಕ್ಕಾಗ್ತಿಲ್ಲ ಕಣೋ."